ಟೊಳ್ಳಾದ ಮೂಳೆ ಕೂಡುತ್ತದೆ, ಕೂಡುವ ತನಕ ನಿಲ್ಲಿಸುವುದೇ ಕಷ್ಟ

ಎಲ್ಲರಿಗೂ ನಮಸ್ಕಾರ. ಮೊದಲು ಹೆಸರಿನ ಗೊಂದಲವೊಂದನ್ನು ಬಿಡಿಸಿಕೊಳ್ಳೋಣ. ನಮ್ಮಲ್ಲಿ ‘ಮೂಳೆ ಸವೆತ’ ಎಂದ ಕೂಡಲೇ ಹೆಚ್ಚಿನವರು ಮಂಡಿ ಮುಟ್ಟಿ ತೋರಿಸುತ್ತಾರೆ. ಮಂಡಿಯಲ್ಲಿ ಸವೆಯುವುದು ಕೀಲಿನ ಮೆದುಮೂಳೆ. ಅದು ನೋಯುತ್ತದೆ, ಊದಿಕೊಳ್ಳುತ್ತದೆ, ಮೆಟ್ಟಿಲು ಹತ್ತುವಾಗ ನೆನಪಾಗುತ್ತದೆ. ಇವತ್ತು ಮಾತಾಡುವ ಆಸ್ಟಿಯೊಪೊರೋಸಿಸ್ ಬೇರೆಯದೇ ಕಾಯಿಲೆ. ಇದರಲ್ಲಿ ಮೂಳೆ ಒಳಗೊಳಗೇ ತೆಳುವಾಗಿ ಟೊಳ್ಳಾಗುತ್ತದೆ, ಆದರೆ ಮುರಿಯುವ ದಿನದವರೆಗೂ ನೋಯುವುದಿಲ್ಲ. ಬಚ್ಚಲಲ್ಲಿ ಜಾರಿ, ಹೊಸ್ತಿಲು ಎಡವಿ, ಕೈ ಊರಿ ಬಿದ್ದಾಗ ಮಣಿಕಟ್ಟು ಮುರಿದಾಗಲೇ ಬಹಳ ಜನರಿಗೆ ಇದು ಮೊದಲ ಸಲ ಗೊತ್ತಾಗುವುದು. ಆಗಲೂ ಗೊತ್ತಾಗದೆ ಹೋಗುವುದೂ ಉಂಟು. ಪ್ಲಾಸ್ಟರ್ ಹಾಕಿ, ಆರು ವಾರಕ್ಕೆ ಬಿಚ್ಚಿ, ‘ಕೈ ಸರಿಹೋಯಿತು’ ಎಂದು ಮನೆಗೆ ಕಳಿಸಿಬಿಡುತ್ತಾರೆ.

ನಿಂತ ಎತ್ತರದಿಂದ ಬಿದ್ದರೆ ಗಟ್ಟಿ ಮೂಳೆ ಮುರಿಯಬಾರದು. ಐವತ್ತು ದಾಟಿದವರಿಗೆ ಅಷ್ಟಕ್ಕೇ ಮುರಿಯಿತು ಎಂದರೆ, ಬೇರೆ ಕಾರಣ ಸಿಗುವ ತನಕ, ಮೂಳೆ ದುರ್ಬಲವಾಗಿದೆ ಎಂದೇ ಹಿಡಿದು ಮುಂದುವರಿಯಬೇಕು.

ಮುರಿದವರೂ ಮನೆಯವರೂ ಕೇಳುವ ಮೊದಲ ಪ್ರಶ್ನೆ: ‘ಮೂಳೆಯೇ ಟೊಳ್ಳು ಅಂತೀರಿ, ಇದು ಕೂಡುತ್ತಾ?’ ಕೂಡುತ್ತದೆ. ಮಣಿಕಟ್ಟಿನ ಮುರಿತ ಎಂಬತ್ತರ ವಯಸ್ಸಿನಲ್ಲೂ ಸಾಮಾನ್ಯವಾಗಿ ಆರರಿಂದ ಎಂಟು ವಾರದಲ್ಲಿ ಕೂಡುತ್ತದೆ. ತೊಂದರೆ ಇರುವುದು ಆ ಆರು ವಾರಗಳಲ್ಲಿ. ಅಷ್ಟು ದಿನ ತುಂಡುಗಳು ಇಟ್ಟ ಜಾಗದಲ್ಲಿ ನಿಲ್ಲುವುದಿಲ್ಲ, ಹಾಕಿದ ಸ್ಕ್ರೂ ಹಿಡಿಯುವುದಿಲ್ಲ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಮೂಳೆಯ ಹೊರಗೋಡೆ ಗಟ್ಟಿ. ತುದಿಗಳ ಹತ್ತಿರ, ಅಂದರೆ ಮಣಿಕಟ್ಟು, ಭುಜ, ಸೊಂಟದ ಕೀಲು, ಬೆನ್ನುಮೂಳೆಗಳಲ್ಲಿ, ಆ ಗೋಡೆಯ ಒಳಗೆ ಸಣ್ಣ ಸಣ್ಣ ಕಡ್ಡಿಗಳ ಹೆಣಿಗೆ ಇರುತ್ತದೆ. ಹಳೆ ಮನೆಯ ಮಾಡನ್ನು ನೆನಪಿಸಿಕೊಳ್ಳಿ: ಭಾರ ಹೊರುವ ತೊಲೆ, ಅದಕ್ಕೆ ಅಡ್ಡವಾಗಿ ಜಂತಿ. ಆಸ್ಟಿಯೊಪೊರೋಸಿಸ್‌ನಲ್ಲಿ ಮೊದಲು ಹೋಗುವುದು ಅಡ್ಡ ಜಂತಿಗಳು. ಜಂತಿ ಹೋದ ಮೇಲೆ ತೊಲೆ ನಿಂತೇ ಇರುತ್ತದೆ, ಆದರೆ ಪಕ್ಕದಿಂದ ಆಸರೆಯಿಲ್ಲದೆ ಸ್ವಲ್ಪ ಒತ್ತಡಕ್ಕೇ ಬಾಗಿ ಮುರಿಯುತ್ತದೆ. ಹೀಗೆ ಪೂರ್ತಿ ಕಳೆದುಹೋದ ಕಡ್ಡಿಗಳು ಔಷಧಿಯಿಂದ ಸುಲಭಕ್ಕೆ ಮರಳಿ ಹುಟ್ಟುವುದಿಲ್ಲ. ಉಳಿದವು ದಪ್ಪವಾಗಬಹುದು. ಆದ್ದರಿಂದ ಬೇಗ ಶುರುಮಾಡಿದ ಚಿಕಿತ್ಸೆಗೆ ಬೆಲೆ ಹೆಚ್ಚು.

ದೇಹದಲ್ಲಿ ಹಳೆ ಮೂಳೆ ಕೆರೆದು ತೆಗೆಯುವ ಕೋಶಗಳು ಒಂದು, ಹೊಸದು ಕಟ್ಟುವ ಕೋಶಗಳು ಇನ್ನೊಂದು. ಒಂದು ಜಾಗದಲ್ಲಿ ಕೆರೆಯುವ ಕೆಲಸ ಕೆಲವು ವಾರದಲ್ಲಿ ಮುಗಿದರೆ, ಅಲ್ಲಿ ಮತ್ತೆ ಕಟ್ಟಲು ಮೂರು ನಾಲ್ಕು ತಿಂಗಳು ಬೇಕು. ಮುಟ್ಟು ನಿಂತು ಈಸ್ಟ್ರೋಜನ್ ಇಳಿದಾಗ ಕೆರೆಯುವವರ ಕೈ ಮೇಲಾಗುತ್ತದೆ. ನಮ್ಮ ದೇಶದ ಹೆಂಗಸರಿಗೆ ಮುಟ್ಟು ನಿಲ್ಲುವುದು ಸರಾಸರಿ 46–47ರ ಹೊತ್ತಿಗೆ, ಪಶ್ಚಿಮದ ದೇಶಗಳಿಗಿಂತ ನಾಲ್ಕೈದು ವರ್ಷ ಮೊದಲು. ಗರ್ಭಕೋಶದ ಜೊತೆ ಎರಡೂ ಅಂಡಾಶಯಗಳನ್ನು ಮೂವತ್ತೈದಕ್ಕೋ ನಲವತ್ತಕ್ಕೋ ತೆಗೆಸಿಕೊಂಡವರಿಗೆ ಈ ಇಳಿಕೆ ಅಂದೇ ಶುರುವಾಗುತ್ತದೆ. ಅಂಥವರು ಐವತ್ತರ ಹೊತ್ತಿಗೆ ಮಣಿಕಟ್ಟು ಮುರಿದುಕೊಂಡು ಬಂದರೆ ಆಶ್ಚರ್ಯಪಡಬೇಕಿಲ್ಲ. ಅವರ ಮೂಳೆಗೆ ಅಷ್ಟರಲ್ಲಿ ವಯಸ್ಸಾಗಿಬಿಟ್ಟಿರುತ್ತದೆ.

ಮುರಿದ ಮೂಳೆ ಕೂಡುವುದು ಹೀಗೆ. ಮೊದಲ ದಿನ ಮುರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ವಾರದೊಳಗೆ ಅಲ್ಲಿಗೆ ಉರಿಯೂತದ ಕೋಶಗಳು ಬಂದು ಕಸ ತೆಗೆದು, ಕಟ್ಟುವ ಕೋಶಗಳನ್ನು ಕರೆಯುತ್ತವೆ. ಎರಡು ಮೂರು ವಾರಕ್ಕೆ ಮೆತ್ತನೆಯ ಬೆಸುಗೆ ಬೆಳೆದು ತುದಿಗಳನ್ನು ಅಂಟಿಸುತ್ತದೆ. ಆಮೇಲೆ ಅದಕ್ಕೆ ಸುಣ್ಣ ತುಂಬಿ ಆರರಿಂದ ಹನ್ನೆರಡು ವಾರದೊಳಗೆ ಗಟ್ಟಿ ಬೆಸುಗೆಯಾಗುತ್ತದೆ. ಕೊನೆಯದು ತಿದ್ದುವ ಹಂತ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ. ಅಂಡಾಶಯ ತೆಗೆದ ಇಲಿಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಬೆಸುಗೆ ಸಣ್ಣದಾಗುವುದು, ಸುಣ್ಣ ತುಂಬುವುದು ತಡವಾಗುವುದು, ಕೂಡಿದ ಮೇಲೂ ಬಲ ಕಡಿಮೆಯಿರುವುದು ಕಂಡಿದೆ. ಮನುಷ್ಯರಲ್ಲಿ ಚಿತ್ರ ಇಷ್ಟು ಸ್ಪಷ್ಟವಿಲ್ಲ. ವಯಸ್ಸು, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಸ್ಟೆರಾಯ್ಡ್ ಮಾತ್ರೆ, ಊಟದ ಕೊರತೆ, ಇವೆಲ್ಲ ಒಂದೇ ದೇಹದಲ್ಲಿ ಸೇರಿರುವಾಗ ಯಾವುದರ ಪಾಲು ಎಷ್ಟು ಎಂದು ಬಿಡಿಸುವುದು ಕಷ್ಟ. ಮಣಿಕಟ್ಟಿನಂಥ ಕಡ್ಡಿ ಹೆಣಿಗೆಯ ಜಾಗಕ್ಕೆ ರಕ್ತ ಚೆನ್ನಾಗಿ ಹರಿಯುವುದರಿಂದ ಅಲ್ಲಿ ಕೂಡದೇ ಇರುವುದು ಅಪರೂಪ. ತೋಳಿನ ನಡುಭಾಗದಲ್ಲಿ ಅಷ್ಟು ಧೈರ್ಯ ಹೇಳಲಾಗದು. ಅದನ್ನು ಮುಂದೆ ನೋಡೋಣ.

ಮಣಿಕಟ್ಟಿನ ಮುರಿತದಿಂದಲೇ ಶುರುಮಾಡುವುದು ಸರಿ, ಯಾಕೆಂದರೆ ಸಾಮಾನ್ಯವಾಗಿ ಮೊದಲು ಮುರಿಯುವುದೇ ಅದು. ಐವತ್ತು ಅರವತ್ತರ ವಯಸ್ಸಿನವರು ನಡೆಯುತ್ತ ಬೀಳುವಾಗ ಕೈ ಮುಂದೆ ಚಾಚಿ ಊರುತ್ತಾರೆ. ಎಪ್ಪತ್ತೈದು ದಾಟಿದವರಿಗೆ ಕೈ ಚಾಚುವಷ್ಟು ಚುರುಕು ಇರುವುದಿಲ್ಲ, ಪಕ್ಕಕ್ಕೆ ಕುಸಿಯುತ್ತಾರೆ. ಹಾಗಾಗಿ ಅವರಿಗೆ ಮುರಿಯುವುದು ಭುಜ ಅಥವಾ ಸೊಂಟ. ಡಬ್ಲಿನ್ನಿನ ಶಸ್ತ್ರವೈದ್ಯ ಅಬ್ರಹಾಂ ಕಾಲಿಸ್ ಮಣಿಕಟ್ಟಿನ ಈ ಮುರಿತವನ್ನು 1814ರಲ್ಲೇ ಸರಿಯಾಗಿ ವರ್ಣಿಸಿದ. ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ. ಅಂದರೆ ಬರೀ ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ ಬರೆದದ್ದು. ಇವತ್ತಿಗೂ ಪಕ್ಕದಿಂದ ನೋಡಿದರೆ ಊಟದ ಫೋರ್ಕ್ ಬೋರಲು ಹಾಕಿದ ಹಾಗೆ ಮಣಿಕಟ್ಟು ಡೊಂಕಾಗಿರುತ್ತದೆ, ಎಕ್ಸ್‌ರೇಗೆ ಮೊದಲೇ ಗುರುತು ಸಿಗುತ್ತದೆ.

ಮುರಿದ ಕ್ಷಣ ಮಾಡಬೇಕಾದ ಮೊದಲ ಕೆಲಸ ಬಳೆ, ಉಂಗುರ, ವಾಚು ತೆಗೆಯುವುದು. ಇದನ್ನು ಒತ್ತಿ ಹೇಳುತ್ತೇವೆ. ಗಂಟೆಯೊಳಗೆ ಕೈ ಊದಿಕೊಳ್ಳುತ್ತದೆ, ಆಮೇಲೆ ಚಿನ್ನದ ಬಳೆ ಇಳಿಯುವುದಿಲ್ಲ, ಕತ್ತರಿಸಲು ಮನಸ್ಸೂ ಬರುವುದಿಲ್ಲ. ಊತ ಏರಿದಂತೆ ಬಳೆಯೇ ಕೈಗೆ ಉರುಳಾಗುತ್ತದೆ. ಸೋಪಿನ ನೀರು ಹಚ್ಚಿ ಇಳಿಸಿ, ಇಳಿಯದಿದ್ದರೆ ಕತ್ತರಿಸಿ. ಬಳಿಕ ಒಂದು ದಪ್ಪ ರಟ್ಟನ್ನೋ ಮಡಚಿದ ದಿನಪತ್ರಿಕೆಯನ್ನೋ ಮುಂಗೈ ಅಡಿಗೆ ಕೊಟ್ಟು, ಪಂಚೆಯ ತುಂಡಿನಿಂದ ಸಡಿಲವಾಗಿ ಸುತ್ತಿ, ಕೈಯನ್ನು ಎದೆಮಟ್ಟಕ್ಕಿಂತ ಮೇಲೆ ಇಟ್ಟುಕೊಂಡು ಆಸ್ಪತ್ರೆಗೆ ಹೊರಡಿ. ಎಣ್ಣೆ ಹಾಕಿ ನೀವುವುದು ಬೇಡ.

ಆಸ್ಪತ್ರೆಯಲ್ಲಿ ಮುರಿದ ಜಾಗಕ್ಕೇ ಮರಗಟ್ಟುವ ಸೂಜಿ ಕೊಟ್ಟು, ಬೆರಳು ಹಿಡಿದು ನಿಧಾನವಾಗಿ ಎಳೆದು, ಹಿಂದಕ್ಕೆ ಬಾಗಿದ ತುದಿಯನ್ನು ಮುಂದಕ್ಕೆ ಒತ್ತಿ ಕೂಡಿಸುತ್ತಾರೆ. ಎಕ್ಸ್‌ರೇ ಚೆನ್ನಾಗಿ ಕಾಣುತ್ತದೆ, ಎಲ್ಲರಿಗೂ ಸಮಾಧಾನ. ಆದರೆ ಟೊಳ್ಳು ಮೂಳೆಯಲ್ಲಿ ಕಥೆ ಮುಗಿದಿರುವುದಿಲ್ಲ. ಬಿದ್ದ ಪೆಟ್ಟಿಗೆ ಒಳಗಿನ ಕಡ್ಡಿಗಳು, ಅದರಲ್ಲೂ ಕೈಹಿಂಬದಿಯ ಕಡೆಯವು, ಪುಡಿಯಾಗಿ ಒಂದರೊಳಗೊಂದು ಕುಸಿದಿರುತ್ತವೆ. ಒತ್ತಿದ ಬೆಂಡು ಮತ್ತೆ ಉಬ್ಬುವುದಿಲ್ಲವಲ್ಲ, ಹಾಗೆ. ತುದಿಯನ್ನು ಎಳೆದು ಸ್ವಸ್ಥಾನಕ್ಕೆ ತಂದಾಗ ಅಲ್ಲಿ ಖಾಲಿ ಜಾಗ ಉಳಿಯುತ್ತದೆ. ಕೆಳಗೆ ಆಧಾರವಿಲ್ಲ. ಪ್ಲಾಸ್ಟರ್ ಎಷ್ಟೇ ಗಟ್ಟಿಯಿರಲಿ, ಊತ ಇಳಿದಂತೆ ಅದು ಸಡಿಲವಾಗುತ್ತದೆ, ಬೆರಳಿನ ಸ್ನಾಯುಗಳು ಎಳೆಯುತ್ತಲೇ ಇರುತ್ತವೆ, ತುದಿ ನಿಧಾನಕ್ಕೆ ಹಿಂದಕ್ಕೆ ಬಾಗಿ ಗಿಡ್ಡವಾಗುತ್ತ ಬರುತ್ತದೆ. ನೋವೇನೂ ಹೆಚ್ಚಾಗುವುದಿಲ್ಲವಾದ್ದರಿಂದ ರೋಗಿಗೆ ತಿಳಿಯುವುದೇ ಇಲ್ಲ. ಹಾಗಾಗಿ ಒಂದು ವಾರಕ್ಕೆ ಒಮ್ಮೆ, ಎರಡು ವಾರಕ್ಕೆ ಇನ್ನೊಮ್ಮೆ ಎಕ್ಸ್‌ರೇ ತೆಗೆಸಲೇಬೇಕು. ‘ನೋವಿಲ್ಲ, ಯಾಕೆ ಸುಮ್ಮನೆ ಖರ್ಚು’ ಎಂದು ಇದನ್ನು ಬಿಡುವವರು ಬಹಳ. ಎರಡನೇ ವಾರದಲ್ಲಿ ಜಾರಿದ್ದು ಕಂಡರೆ ತಿದ್ದಬಹುದು. ಆರನೇ ವಾರದಲ್ಲಿ ಕಂಡರೆ ಅದು ಡೊಂಕಾಗಿಯೇ ಕೂಡಿರುತ್ತದೆ.

ಯಾವುದು ಜಾರುತ್ತದೆ ಎಂದು ಮೊದಲೇ ಊಹಿಸಲು ಕೆಲವು ಗುರುತುಗಳಿವೆ: ವಯಸ್ಸು 60 ದಾಟಿರುವುದು, ತುದಿ 20 ಡಿಗ್ರಿಗಿಂತ ಹೆಚ್ಚು ಹಿಂದಕ್ಕೆ ಬಾಗಿರುವುದು, ಹಿಂಬದಿ ಪುಡಿಯಾಗಿರುವುದು, ಬಿರುಕು ಕೀಲಿನೊಳಗೆ ಹೋಗಿರುವುದು, ಪಕ್ಕದ ಇನ್ನೊಂದು ಮೂಳೆಯೂ ಮುರಿದಿರುವುದು. ಇವುಗಳಲ್ಲಿ ಮೂರು ಸೇರಿದರೆ ಪ್ಲಾಸ್ಟರಿನಲ್ಲಿ ನಿಲ್ಲುವ ಭರವಸೆ ಕಡಿಮೆ. ಚಿಕ್ಕ ವಯಸ್ಸಿನವರಲ್ಲಿ ಕೂಡಿಸಿದ ಮೇಲೂ 3 ಮಿಲಿಮೀಟರಿಗಿಂತ ಹೆಚ್ಚು ಗಿಡ್ಡ, 10 ಡಿಗ್ರಿಗಿಂತ ಹೆಚ್ಚು ಹಿಂಬಾಗು, ಕೀಲಿನ ಮೈಯಲ್ಲಿ 2 ಮಿಲಿಮೀಟರಿಗಿಂತ ಹೆಚ್ಚಿನ ಏರುತಗ್ಗು ಉಳಿದರೆ ಶಸ್ತ್ರಚಿಕಿತ್ಸೆಯ ಕಡೆ ಒಲವು. 65 ದಾಟಿದವರಿಗೆ ಇದೇ ಅಳತೆ ಹಿಡಿಯುವುದು ತಪ್ಪು. ಅವರಲ್ಲಿ ಪ್ಲೇಟು ಹಾಕಿದರೆ ಎಕ್ಸ್‌ರೇ ಅಂದವಾಗಿರುತ್ತದೆ, ಮೊದಲ ಕೆಲವು ತಿಂಗಳು ಕೈಯೂ ಬೇಗ ಆಡುತ್ತದೆ. ಆದರೆ ವರ್ಷ ಕಳೆದ ಮೇಲೆ ಕೈಯಿಂದ ಆಗುವ ಕೆಲಸವನ್ನು ಅವರನ್ನೇ ಕೇಳಿ ಅಳೆದರೆ, ಪ್ಲಾಸ್ಟರ್ ಹಾಕಿಸಿಕೊಂಡವರಿಗೂ ಪ್ಲೇಟು ಹಾಕಿಸಿಕೊಂಡವರಿಗೂ ಹೇಳಿಕೊಳ್ಳುವಂಥ ಅಂತರ ಕಾಣುವುದಿಲ್ಲ. ಸ್ವಲ್ಪ ಡೊಂಕಾಗಿ ಕೂಡಿದ ಮಣಿಕಟ್ಟಿನಲ್ಲಿ ಎಪ್ಪತ್ತರ ಅಜ್ಜಿ ಚಪಾತಿ ಲಟ್ಟಿಸುತ್ತಾರೆ, ಜಡೆ ಹೆಣೆಯುತ್ತಾರೆ, ನೋವಿಲ್ಲ ಎನ್ನುತ್ತಾರೆ. ಎಕ್ಸ್‌ರೇಯ ಡೊಂಕು ನೋಡಿ ಗಾಬರಿಯಾಗುವುದು ಮಕ್ಕಳು. ಹಾಗೆಂದು ವಯಸ್ಸೊಂದನ್ನೇ ನೋಡಿ ನಿರ್ಧರಿಸುವುದೂ ಸರಿಯಲ್ಲ. ಕೋಲು ಊರಿ ನಡೆಯುವವರಿಗೆ, ಒಬ್ಬರೇ ಇದ್ದು ಎಲ್ಲ ಕೆಲಸ ಮಾಡಿಕೊಳ್ಳುವವರಿಗೆ, ಹೊಲದಲ್ಲಿ ದುಡಿಯುವವರಿಗೆ ಲೆಕ್ಕ ಬೇರೆಯಾಗುತ್ತದೆ.

ಪ್ಲೇಟು ಹಾಕಬೇಕಾದರೆ ಎಂಥ ಪ್ಲೇಟು ಎಂಬುದು ಟೊಳ್ಳು ಮೂಳೆಯಲ್ಲಿ ಮುಖ್ಯ. ಗೆದ್ದಲು ತಿಂದ ಮರಕ್ಕೆ ಸ್ಕ್ರೂ ತಿರುಗಿಸಿದರೆ ಏನಾಗುತ್ತದೆ? ಸ್ಕ್ರೂ ಗಟ್ಟಿಯಾಗಿಯೇ ಇರುತ್ತದೆ, ಸುತ್ತಲಿನ ಮರ ಪುಡಿಯಾಗಿ ಅದು ಕಿತ್ತು ಬರುತ್ತದೆ. ಹಳೆಯ ಮಾದರಿಯ ಪ್ಲೇಟಿನಲ್ಲಿ ಪ್ರತಿ ಸ್ಕ್ರೂವೂ ಮೂಳೆಯ ಹಿಡಿತವನ್ನೇ ನಂಬಿ ನಿಲ್ಲುತ್ತದೆ; ಒಂದು ಸಡಿಲವಾದರೆ ಪಕ್ಕದ್ದು, ಆಮೇಲೆ ಅದರಾಚೆಯದು. ಲಾಕಿಂಗ್ ಪ್ಲೇಟಿನಲ್ಲಿ ಸ್ಕ್ರೂವಿನ ತಲೆಗೂ ತಿರುಪಿನ ಗೆರೆ ಇದ್ದು ಅದು ಪ್ಲೇಟಿನ ತೂತಿಗೇ ಬಿಗಿಯಾಗುತ್ತದೆ. ಎಲ್ಲವೂ ಸೇರಿ ಒಂದೇ ಚೌಕಟ್ಟಾಗುವುದರಿಂದ ಒಂದೊಂದಾಗಿ ಕಿತ್ತು ಬರುವುದಿಲ್ಲ. ಮಣಿಕಟ್ಟಿನಲ್ಲಿ ಪ್ಲೇಟನ್ನು ಅಂಗೈ ಕಡೆಯಿಂದ ಹಾಕಿ, ಸ್ಕ್ರೂಗಳನ್ನು ಕೀಲಿನ ಮೈಯ ಸರಿಯಾಗಿ ಕೆಳಗೆ, ಉಳಿದವುಗಳಲ್ಲಿ ಗಟ್ಟಿಯಾದ ಪದರದ ಆಸರೆಗೆ ಇಡುತ್ತಾರೆ. ಛಾವಣಿಗೆ ಕಂಬ ಕೊಟ್ಟ ಹಾಗೆ. ಇಲ್ಲಿ ತಪ್ಪುವುದು ಎರಡು ಕಡೆ. ಸ್ಕ್ರೂ ಒಂದೆರಡು ಮಿಲಿಮೀಟರ್ ಉದ್ದವಾಗಿ ಹಿಂಬದಿಗೆ ಚಾಚಿದರೆ ಬೆರಳೆತ್ತುವ ನರಗಟ್ಟನ್ನು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಯನ್ನು, ಉಜ್ಜಿ ಉಜ್ಜಿ ಕತ್ತರಿಸುತ್ತದೆ. ಪ್ಲೇಟಿನ ತುದಿ ಅಂಗೈ ಕಡೆಗೆ ತೀರಾ ಮುಂದೆ ಕುಳಿತರೆ ಹೆಬ್ಬೆರಳು ಮಡಚುವ ನರಗಟ್ಟಿಗೆ ಅದೇ ಗತಿ. ಇನ್ನು ಚರ್ಮದ ಮೇಲಿನಿಂದ ಚುಚ್ಚುವ ತಂತಿಗಳು: ಗಟ್ಟಿ ಮೂಳೆಗೆ ಇವು ಸಾಕು, ಟೊಳ್ಳು ಮೂಳೆಯಲ್ಲಿ ಸಡಿಲವಾಗಿ ಮೂಳೆ ಮತ್ತೆ ಕುಸಿಯುವ ಸಂಭವ ಹೆಚ್ಚು.

ಪ್ಲಾಸ್ಟರಿನ ಆರು ವಾರ ಮನೆಯಲ್ಲಿ ಹೇಗಿರಬೇಕು? ಪ್ಲಾಸ್ಟರ್ ಅಂಗೈಯ ಗೆರೆಯವರೆಗೆ ಮಾತ್ರ ಬರಬೇಕು, ಐದೂ ಬೆರಳು ಬುಡದಿಂದ ಮಡಚಲು ಬರಬೇಕು. ಬರದಿದ್ದರೆ ಅಲ್ಲೇ ಹೇಳಿ ಕತ್ತರಿಸಿಕೊಳ್ಳಿ. ಮೊದಲ ಮೂರು ದಿನ ಮಲಗಿದಾಗ ಕೈಯಡಿಗೆ ಎರಡು ದಿಂಬು. ಎಚ್ಚರವಿದ್ದಾಗ ಗಂಟೆಗೊಮ್ಮೆ ಹತ್ತು ಸಲ ಮುಷ್ಟಿ ಕಟ್ಟಿ ಬಿಡಿಸುವುದು, ದಿನಕ್ಕೆ ನಾಲ್ಕೈದು ಸಲ ಮೊಣಕೈ ಮಡಚಿ ಚಾಚುವುದು, ಕೈಯನ್ನು ತಲೆಯ ಮೇಲೆ ಎತ್ತುವುದು. ಭುಜ ಎತ್ತುವುದನ್ನು ಬಹಳ ಜನ ಬಿಡುತ್ತಾರೆ. ಆರು ವಾರ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಕೂತು, ಕೊನೆಗೆ ಮಣಿಕಟ್ಟು ಗುಣವಾಗಿ ಭುಜ ಹಿಡಿದುಕೊಳ್ಳುತ್ತದೆ, ಆ ಭುಜ ಬಿಡಿಸಲು ವರ್ಷ ಬೇಕು. ಬೆರಳು ಜೋಮು ಹಿಡಿದರೆ, ನೀಲಿಯಾದರೆ, ಬೆರಳನ್ನು ಬೇರೆಯವರು ಚಾಚಿದಾಗ ತಡೆಯಲಾಗದ ನೋವಾದರೆ ಬೆಳಗಾಗುವ ತನಕ ಕಾಯಬೇಡಿ. ಪ್ಲಾಸ್ಟರ್ ಆ ರಾತ್ರಿಯೇ ಉದ್ದಕ್ಕೆ ಸೀಳಿಸಬೇಕು.

ಇನ್ನೊಂದು ಎಚ್ಚರಿಕೆ. ಸ್ವಲ್ಪವೂ ಕದಲದ, ಬರೀ ಕೂದಲಿನಂಥ ಬಿರುಕಿರುವ ಮಣಿಕಟ್ಟಿನಲ್ಲೇ ಮೂರು ವಾರದಿಂದ ಮೂರು ತಿಂಗಳೊಳಗೆ ಹೆಬ್ಬೆರಳೆತ್ತುವ ನರಗಟ್ಟು ಇದ್ದಕ್ಕಿದ್ದಂತೆ ಹರಿಯುವುದುಂಟು. ಮೂಳೆಯ ಬದಿಯ ಇಕ್ಕಟ್ಟಾದ ದಾರಿಯಲ್ಲಿ ಅದು ಊದಿ, ರಕ್ತ ಸಿಗದೆ, ಸವೆದು ಹೋಗುತ್ತದೆ. ಅಂಗೈಯನ್ನು ಮೇಜಿನ ಮೇಲೆ ಬೋರಲಾಗಿಟ್ಟು ಹೆಬ್ಬೆರಳನ್ನು ಮೇಲಕ್ಕೆ ಎತ್ತಿ ನೋಡಿ, ಎತ್ತಲಾಗದಿದ್ದರೆ ಹರಿದಿದೆ. ತೋರುಬೆರಳಿಗಿರುವ ಎರಡು ನರಗಟ್ಟುಗಳಲ್ಲಿ ಒಂದನ್ನು ತಿರುಗಿಸಿ ಹೆಬ್ಬೆರಳಿಗೆ ಜೋಡಿಸಿ ಸರಿಪಡಿಸಬಹುದು. ಹಾಗೆಯೇ ಪ್ಲಾಸ್ಟರ್ ಬಿಚ್ಚಿದ ಮೇಲೂ ಕೈ ಉರಿಯುವುದು, ಬೆವರುವುದು, ಬಣ್ಣ ಬದಲಾಗುವುದು, ಮುಟ್ಟಿದರೇ ನೋಯುವುದು ಕಂಡರೆ ‘ಗುಣವಾಗುವ ಲಕ್ಷಣ’ ಎಂದು ಸುಮ್ಮನಿರಬೇಡಿ. ಅದು ನರಗಳಿಗೆ ಸಂಬಂಧಿಸಿದ ನೋವಿನ ಕಾಯಿಲೆ, ಬೇಗ ಹಿಡಿದರೆ ವ್ಯಾಯಾಮ ಮತ್ತು ಔಷಧಿಗೆ ಬಗ್ಗುತ್ತದೆ.

ಭುಜಕ್ಕೆ ಬರೋಣ. ತೋಳಿನ ಮೂಳೆಯ ಮೇಲ್ತುದಿ ಮುರಿದಾಗ ನಾಲ್ಕೈದು ದಿನದಲ್ಲಿ ತೋಳು ಮೊಣಕೈವರೆಗೆ, ಕೆಲವರಿಗೆ ಎದೆಯ ಪಕ್ಕದವರೆಗೆ, ಕಪ್ಪು ನೀಲಿಯಾಗುತ್ತದೆ. ಮನೆಯವರು ಹೆದರುತ್ತಾರೆ, ಒಳಗೆ ಸುರಿದ ರಕ್ತ ಕೆಳಗಿಳಿದದ್ದು ಅಷ್ಟೇ, ಮೂರು ವಾರದಲ್ಲಿ ಹಳದಿಯಾಗಿ ಮಾಯುತ್ತದೆ. ಇಲ್ಲಿ ಪ್ಲಾಸ್ಟರ್ ಹಾಕುವಂತಿಲ್ಲ, ಜೋಳಿಗೆಪಟ್ಟಿಯೇ ಚಿಕಿತ್ಸೆ. ತುಂಡುಗಳು ಹೆಚ್ಚು ಕದಲಿದ್ದರೂ ಎಷ್ಟೋ ಸಲ ಇದೇ ಸಾಕು. ಬ್ರಿಟನ್ನಿನಲ್ಲಿ 250 ಜನರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರೊಫರ್ ಅಧ್ಯಯನದಲ್ಲಿ, ಕದಲಿದ ಭುಜಮುರಿತಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೂ ಪಟ್ಟಿ ಕಟ್ಟಿಕೊಂಡವರಿಗೂ ಎರಡು ವರ್ಷದ ಕೊನೆಗೆ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೀಲು ತಪ್ಪಿದ್ದರೆ, ಗುಂಡುತಲೆಯೇ ಸೀಳಿದ್ದರೆ ಮಾತು ಬೇರೆ. ಈ ಜಾಗದಲ್ಲಿ ಪ್ಲೇಟು ಯಾಕೆ ಸೋಲುತ್ತದೆ ಎಂದರೆ, ವಯಸ್ಸಾದವರ ಭುಜದ ಗುಂಡುತಲೆ ಒಳಗೆ ಮೊಟ್ಟೆಚಿಪ್ಪಿನಂತೆ ಖಾಲಿ. ಕಂಕುಳ ಕಡೆಯ ಒಳಗೋಡೆ ಪುಡಿಯಾಗಿದ್ದರೆ ತಲೆ ಆ ಕಡೆಗೆ ಕುಸಿಯುತ್ತದೆ. ಲಾಕಿಂಗ್ ಸ್ಕ್ರೂಗಳು ಪ್ಲೇಟಿಗೆ ಕಚ್ಚಿಕೊಂಡು ಅಲುಗದೆ ನಿಂತಿರುವುದರಿಂದ ಕುಸಿದ ತಲೆಯನ್ನು ತೂತು ಮಾಡಿ ಕೀಲಿನೊಳಗೆ ಹೊರಡುತ್ತವೆ. ಅದಕ್ಕೇ ಒಳಗೋಡೆಗೆ ಆಸರೆಯಾಗುವಂತೆ ಕೆಳಗಿನಿಂದ ಓರೆಯಾಗಿ ಸ್ಕ್ರೂ ಕೊಡುವುದು, ನರಗಟ್ಟುಗಳಿಗೇ ದಾರ ಹಾಕಿ ಪ್ಲೇಟಿಗೆ ಕಟ್ಟುವುದು, ಕೆಲವರಲ್ಲಿ ಇದಾವುದೂ ಬೇಡವೆಂದು ಕೃತಕ ಕೀಲನ್ನೇ ತಿರುಗುಮುರುಗಾಗಿ, ಅಂದರೆ ಗುಂಡು ಇರುವಲ್ಲಿ ಬಟ್ಟಲು, ಬಟ್ಟಲು ಇರುವಲ್ಲಿ ಗುಂಡು ಇಟ್ಟು ಹಾಕುವುದು.

ಪಟ್ಟಿ ಕಟ್ಟಿಕೊಂಡವರು ಮೊದಲ ಎರಡು ಮೂರು ವಾರ ಅಡ್ಡ ಮಲಗುವುದಕ್ಕಿಂತ ಬೆನ್ನಿಗೆ ದಿಂಬುಗಳನ್ನು ಕೊಟ್ಟು ಅರೆ ಒರಗಿ ಮಲಗಿದರೆ ನಿದ್ದೆ ಬರುತ್ತದೆ. ಕಂಕುಳಲ್ಲಿ ಬೆವರಿ ಹುಣ್ಣಾಗದಂತೆ, ಸ್ವಲ್ಪ ಮುಂದಕ್ಕೆ ಬಾಗಿ ಕೈಯನ್ನು ತೂಗಬಿಟ್ಟು ತೊಳೆದು ಒರೆಸಿ, ತೆಳು ಹತ್ತಿಬಟ್ಟೆ ಇಡಿ. ವೈದ್ಯರು ಹೇಳಿದ ದಿನದಿಂದ, ಸಾಮಾನ್ಯವಾಗಿ ಎರಡನೇ ವಾರದ ಆಸುಪಾಸು, ಮೇಜು ಹಿಡಿದು ಬಾಗಿ ತೋಳನ್ನು ಗಡಿಯಾರದ ಲೋಲಕದಂತೆ ತೂಗುವ ವ್ಯಾಯಾಮ ಶುರು. ಕೈ ಪೂರ್ತಿ ಮೇಲೆತ್ತಲು ಬಾರದಿರಬಹುದು. ತಲೆ ಬಾಚಲು, ರವಿಕೆ ಗುಂಡಿ ಹಾಕಲು ಬಂದರೆ ಆ ವಯಸ್ಸಿಗೆ ಅದು ಒಳ್ಳೆಯ ಫಲ.

ತೋಳಿನ ನಡುಮೂಳೆಯ ಮುರಿತ ಕಡಿಮೆ, ಆದರೆ ಕೂಡದೇ ಉಳಿಯುವ ಅಪಾಯ ಮಣಿಕಟ್ಟಿಗಿಂತ ಇಲ್ಲಿ ಹೆಚ್ಚು. ಸುತ್ತಲಿನ ಸ್ನಾಯುಗಳನ್ನು ಬಿಗಿದು ಹಿಡಿಯುವ ಪ್ಲಾಸ್ಟಿಕ್ಕಿನ ಕವಚ ಹಾಕಿ, ಮಣಿಕಟ್ಟನ್ನು ಮಾತ್ರ ಕೊರಳಿಗೆ ತೂಗುಹಾಕುತ್ತಾರೆ. ಮೊಣಕೈಯನ್ನು ಕೆಳಗಿನಿಂದ ಎತ್ತಿ ಹಿಡಿಯುವ ಜೋಳಿಗೆ ಇಲ್ಲಿ ಬೇಡ, ಕೈಯ ಭಾರವೇ ಮೂಳೆಯನ್ನು ನೇರಕ್ಕೆ ಎಳೆಯಬೇಕು. ಕವಚವನ್ನು ಊತ ಇಳಿದಂತೆಲ್ಲ ಬಿಗಿಮಾಡಿಕೊಳ್ಳದಿದ್ದರೆ ಅದು ಬರೀ ಅಲಂಕಾರ. ಈ ಮೂಳೆಗೆ ಅಂಟಿಕೊಂಡೇ ಮಣಿಕಟ್ಟನ್ನು ಎತ್ತುವ ನರ ಸಾಗುವುದರಿಂದ ಹತ್ತರಲ್ಲಿ ಒಬ್ಬರಿಗೆ ಕೈ ಜೋತುಬೀಳುತ್ತದೆ. ಹೆಚ್ಚಿನವರಲ್ಲಿ ಮೂರು ನಾಲ್ಕು ತಿಂಗಳಲ್ಲಿ ತಾನಾಗಿ ಮರಳುತ್ತದೆ, ಅಲ್ಲಿಯವರೆಗೆ ಮಣಿಕಟ್ಟಿಗೆ ಆಸರೆ ಪಟ್ಟಿ ಬೇಕು. ಟೊಳ್ಳು ಮೂಳೆಗೆ ಇಲ್ಲಿ ಪ್ಲೇಟು ಹಾಕುವುದಾದರೆ ಉದ್ದನೆಯದು ಬೇಕು, ಸ್ಕ್ರೂಗಳನ್ನು ಒತ್ತೊತ್ತಾಗಿ ತುಂಬದೆ ದೂರ ದೂರ ಹರಡಿ ಹಾಕಬೇಕು. ತೀರಾ ಬಿಗಿಯಾದರೆ ಬೆಸುಗೆ ಬೆಳೆಯಲು ಬೇಕಾದ ಸಣ್ಣ ಅಲುಗಾಟವೂ ಸಿಗದೆ ಕೂಡುವುದು ತಡವಾಗುತ್ತದೆ.

ಇನ್ನು ಔಷಧಿ. ‘ಮೂಳೆ ಕೂಡುವ ತನಕ ಆಸ್ಟಿಯೊಪೊರೋಸಿಸ್ ಮಾತ್ರೆ ಬೇಡ, ಕೂಡುವುದು ನಿಲ್ಲುತ್ತದೆ’ ಎಂಬ ಮಾತು ಇನ್ನೂ ಓಡಾಡುತ್ತಿದೆ. ಅಲೆಂಡ್ರೊನೇಟ್, ಜೊಲೆಡ್ರೊನಿಕ್ ಆಸಿಡ್‌ನಂಥವು ಕೆರೆಯುವ ಕೋಶಗಳನ್ನು ತಡೆಯುತ್ತವೆ ಎಂಬುದು ನಿಜ. ಆದರೆ ಮೊದಲ ಬೆಸುಗೆ ಕಟ್ಟುವುದು ಬೇರೆ ಕೋಶಗಳು. ತಡವಾಗುವುದು ಕೊನೆಯ ತಿದ್ದುವ ಹಂತ. ಅಲ್ಲಿಯವರೆಗೆ ಬೆಸುಗೆ ದೊಡ್ಡದಾಗಿಯೇ ಉಳಿದು ಬಲ ಕೊಡುತ್ತದೆ. ಮಣಿಕಟ್ಟು ಮುರಿದ ಎರಡು ವಾರದೊಳಗೇ ಶುರುಮಾಡಿದರೂ ಕೂಡುವುದರಲ್ಲಿ ಗಮನಾರ್ಹ ವಿಳಂಬ ಕಂಡಿಲ್ಲ. ಅಲೆಂಡ್ರೊನೇಟ್ 70 ಮಿಲಿಗ್ರಾಂ ವಾರಕ್ಕೊಂದು: ಬೆಳಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ಬರೀ ನೀರಿನ ಜೊತೆ. ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಅರ್ಧ ಗಂಟೆ ಆದ ಮೇಲೆ. ಆ ಅರ್ಧ ಗಂಟೆ ಮಲಗಬಾರದು. ಮಾತ್ರೆ ಅನ್ನನಾಳದಲ್ಲಿ ನಿಂತರೆ ಸುಟ್ಟ ಹುಣ್ಣಾಗುತ್ತದೆ. ಕಾಫಿಯ ಜೊತೆ ನುಂಗಿದರೆ ಮೈಗೆ ಹತ್ತುವುದು ಬಹಳ ಕಡಿಮೆ, ಚಿಕಿತ್ಸೆ ವಿಫಲವಾಗಲು ಇದೂ ಒಂದು ಕಾರಣ. ಜೊಲೆಡ್ರೊನಿಕ್ ಆಸಿಡ್ 5 ಮಿಲಿಗ್ರಾಂ ವರ್ಷಕ್ಕೊಮ್ಮೆ ಡ್ರಿಪ್ಪಿನಲ್ಲಿ. ಅದಕ್ಕೆ ಮೊದಲು ಮೂತ್ರಪಿಂಡದ ಪರೀಕ್ಷೆ, ವಿಟಮಿನ್ ಡಿ ಸರಿಪಡಿಸುವುದು, ಹಲ್ಲು ಕೀಳಿಸುವುದಿದ್ದರೆ ಮುಗಿಸಿಕೊಳ್ಳುವುದು ಅಗತ್ಯ. ಮೊದಲ ಸಲ ಕೊಟ್ಟಾಗ ಒಂದೆರಡು ದಿನ ಜ್ವರ, ಮೈಕೈ ನೋವು ಬರುವುದು ಸಹಜ, ಪ್ಯಾರಾಸಿಟಮಾಲ್ ಸಾಕು.

ಕಟ್ಟುವ ಕೋಶಗಳನ್ನು ಚುರುಕುಗೊಳಿಸುವ ಟೆರಿಪಾರಟೈಡ್ ದಿನಕ್ಕೊಂದು ಚುಚ್ಚುಮದ್ದು, 20 ಮೈಕ್ರೊಗ್ರಾಂ, ಸಾಮಾನ್ಯವಾಗಿ ಎರಡು ವರ್ಷದವರೆಗೆ. ಮುಟ್ಟು ನಿಂತ ಹೆಂಗಸರ ಮಣಿಕಟ್ಟಿನ ಮುರಿತದ ಮೇಲೆ ಇದನ್ನೇ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಕ್ಸ್‌ರೇಯಲ್ಲಿ ಕೂಡಿದ್ದು ಕಾಣಲು ಹುಸಿಮದ್ದಿನವರಿಗೆ 9.1 ವಾರ ಹಿಡಿದರೆ 20 ಮೈಕ್ರೊಗ್ರಾಂ ಪಡೆದವರಿಗೆ 7.4 ವಾರ. ಇಮ್ಮಡಿ ಪ್ರಮಾಣ, 40 ಮೈಕ್ರೊಗ್ರಾಂ, ಕೊಟ್ಟವರಿಗೆ ಆ ಲಾಭ ಸಿಗಲಿಲ್ಲ. ಹತ್ತು ಹನ್ನೆರಡು ದಿನ ಬೇಗ ಕೂಡಿಸಲು ಇಷ್ಟು ದುಬಾರಿ ಮದ್ದನ್ನು ಎಲ್ಲರಿಗೂ ಕೊಡುವುದು ನಮಗೆ ಸರಿ ಕಾಣುವುದಿಲ್ಲ. ಬೆನ್ನುಮೂಳೆಯೂ ಕುಸಿದಿರುವವರಿಗೆ, ಮೂಳೆ ತೀರಾ ದುರ್ಬಲವಿರುವವರಿಗೆ ಇದು ಯೋಗ್ಯ. ಮುಗಿದ ಮೇಲೆ ಕೆರೆತ ತಡೆಯುವ ಮದ್ದು ಮುಂದುವರಿಸಲೇಬೇಕು, ಇಲ್ಲದಿದ್ದರೆ ಗಳಿಸಿದ್ದು ಕರಗುತ್ತದೆ. ಕೆರೆತ ತಡೆಯಲು ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮ್ಯಾಬ್ ಎಂಬ ಮದ್ದಿನಲ್ಲಂತೂ ಒಂದು ಸೂಜಿ ತಪ್ಪಿಸಿ ಸುಮ್ಮನಾದರೆ ಬೆನ್ನುಮೂಳೆಗಳು ಸಾಲಾಗಿ ಕುಸಿಯುವ ಅಪಾಯವಿದೆ.

ಊಟದ ವಿಷಯದಲ್ಲಿ ನಾವು ಅದೃಷ್ಟವಂತರು. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ 340–360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಒಂದು ಲೋಟ ಹಾಲಿನಲ್ಲಿ ಸುಮಾರು 240. ಮುಟ್ಟು ನಿಂತವರಿಗೆ ದಿನಕ್ಕೆ ಬೇಕಾದದ್ದು 1200. ಎರಡು ಮುದ್ದೆ, ಎರಡು ಲೋಟ ಹಾಲು ಅಥವಾ ಮೊಸರು, ಒಂದು ಚಮಚ ಎಳ್ಳಿನ ಪುಡಿ, ಸೊಪ್ಪು ಇದ್ದರೆ ಮಾತ್ರೆಯ ಅಗತ್ಯ ಬಹಳ ಕಡಿಮೆಯಾಗುತ್ತದೆ. ಕಾಲು ಸೂಪಿನ ಮೇಲೆ ಜನರಿಗೆ ಅಪಾರ ನಂಬಿಕೆ. ಕುದಿಸಿದರೆ ಮೂಳೆಯ ಸುಣ್ಣ ನೀರಿಗೆ ಇಳಿಯುವುದು ಅತ್ಯಲ್ಪ. ಕುಡಿಯಲು ಅಡ್ಡಿಯಿಲ್ಲ, ಹಾಲಿಗೆ ಬದಲಲ್ಲ. ನಿಜವಾದ ಕೊರತೆ ಪ್ರೋಟೀನಿನದು. ಬೆಸುಗೆಯ ಹಂದರ ಪ್ರೋಟೀನು, ಸುಣ್ಣ ಆಮೇಲೆ ತುಂಬುವುದು. ಮೂತ್ರಪಿಂಡದ ತೊಂದರೆಯಿಲ್ಲದ 50 ಕೆಜಿ ತೂಕದವರಿಗೆ ದಿನಕ್ಕೆ 50–60 ಗ್ರಾಂ ಬೇಕು. ಅನ್ನ ತಿಳಿಸಾರಿನಲ್ಲಿ ಅದು ಸಿಗದು. ಗಟ್ಟಿ ಬೇಳೆ, ಹುರುಳಿ, ಮೊಳಕೆಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ ಮೀನು.

ವಿಟಮಿನ್ ಡಿ ಕೊರತೆಗೆ 60,000 ಐಯು (ವಿಟಮಿನ್ ಅಳೆಯುವ ಘಟಕ) ಪುಡಿ ಅಥವಾ ಮಾತ್ರೆ ವಾರಕ್ಕೊಂದರಂತೆ ಎಂಟು ವಾರ ಕೊಡುತ್ತಾರೆ. ಎಂಟು ವಾರಕ್ಕೆ ನಿಲ್ಲಿಸದೆ ವರ್ಷಗಟ್ಟಲೆ ಮುಂದುವರಿಸಿ, ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿ, ಗೊಂದಲ, ಮೂತ್ರಪಿಂಡದ ಹಾನಿಯಾಗಿ ಬರುವವರಿದ್ದಾರೆ. ಹಾಗೆಯೇ ಒಂದೇ ಸಲಕ್ಕೆ ಭಾರೀ ಪ್ರಮಾಣ ಕೊಡುವುದೂ ಬೇಡ. ಆಸ್ಟ್ರೇಲಿಯಾದಲ್ಲಿ ಎಪ್ಪತ್ತು ದಾಟಿದ ಹೆಂಗಸರಿಗೆ ವರ್ಷಕ್ಕೊಮ್ಮೆ 5 ಲಕ್ಷ ಐಯು ಕೊಟ್ಟು ನೋಡಿದಾಗ ಬೀಳುವುದೂ ಮುರಿಯುವುದೂ ಹೆಚ್ಚಾಯಿತು, ಕಡಿಮೆಯಾಗಲಿಲ್ಲ. ಆ ವರದಿ 2010ರದು.

ನಾಟಿ ಕಟ್ಟಿನ ಬಗ್ಗೆ ಕೇಳದೆ ಯಾವ ಸಭೆಯೂ ಮುಗಿಯುವುದಿಲ್ಲ. ಬಿದಿರಿನ ಪಟ್ಟಿ ಇಟ್ಟು ಕಟ್ಟಿದರೂ ಮಣಿಕಟ್ಟು ಕೂಡುತ್ತದೆ, ಯಾಕೆಂದರೆ ಕೂಡುವುದು ಮೂಳೆಯ ಸ್ವಭಾವ. ನಮ್ಮ ಆತಂಕ ಮೂರು: ಊತ ಏರುವ ಮೊದಲ ಎರಡು ದಿನ ಬಿಗಿಯಾಗಿ ಕಟ್ಟಿದರೆ ರಕ್ತ ನಿಂತು ಬೆರಳು ಕೊಳೆಯಬಹುದು; ಎಕ್ಸ್‌ರೇ ಇಲ್ಲದೆ ಜಾರಿದ್ದು ತಿಳಿಯದು; ಮೂಳೆ ಟೊಳ್ಳಾಗಿದೆ ಎಂಬ ಮೂಲ ಕಾಯಿಲೆಯನ್ನು ಯಾರೂ ಹುಡುಕುವುದಿಲ್ಲ. ಮಂಗರವಳ್ಳಿ ಚಟ್ನಿ ಮಾಡಿ ತಿನ್ನುವವರು ತಿನ್ನಲಿ, ಮೇಲೆ ಹೇಳಿದ ಚಿಕಿತ್ಸೆಯನ್ನು ಬಿಡುವುದು ಬೇಡ.

ಮೂರನೆಯ ಆತಂಕ ಆಸ್ಪತ್ರೆಗಳಿಗೂ ಅನ್ವಯಿಸುತ್ತದೆ. ಒಮ್ಮೆ ಹೀಗೆ ಮುರಿದವರಿಗೆ ಮತ್ತೊಂದು ಮೂಳೆ ಮುರಿಯುವ ಸಂಭವ ಹೆಚ್ಚುಕಡಿಮೆ ಇಮ್ಮಡಿ, ಅದರಲ್ಲೂ ಮೊದಲ ಎರಡು ವರ್ಷ ಗಂಡಾಂತರದ ಕಾಲ. ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆ ಆಗಿರಬೇಕು: ಸೊಂಟ, ಬೆನ್ನು, ಬೇಕಾದರೆ ಮುರಿಯದ ಕಡೆಯ ಮುಂಗೈ. ಟಿ-ಸ್ಕೋರ್, ಅಂದರೆ ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಕೊಟ್ಟ ಅಳತೆ. ಶಿಬಿರಗಳಲ್ಲಿ ಹಿಮ್ಮಡಿಯನ್ನು ಯಂತ್ರದಲ್ಲಿಟ್ಟು ಕೊಡುವ ಚೀಟಿಗೆ ಈ ಅಳತೆ ಹೊಂದುವುದಿಲ್ಲ, ಅದನ್ನು ನೋಡಿ ಮದ್ದು ಶುರುಮಾಡಬೇಡಿ, ನಿಲ್ಲಿಸಲೂಬೇಡಿ. ಜೊತೆಗೆ ರಕ್ತದಲ್ಲಿ ಕ್ಯಾಲ್ಸಿಯಂ, ಫಾಸ್ಫರಸ್, ಆಲ್ಕಲೈನ್ ಫಾಸ್ಫಟೇಸ್, ಕ್ರಿಯಾಟಿನಿನ್, ಥೈರಾಯ್ಡ್, ವಿಟಮಿನ್ ಡಿ. ಸಂಶಯವಿದ್ದರೆ ಪ್ಯಾರಾಥೈರಾಯ್ಡ್ ಹಾರ್ಮೋನು ಮತ್ತು ಮಜ್ಜೆಯ ಕ್ಯಾನ್ಸರ್ ಹುಡುಕುವ ಪ್ರೋಟೀನ್ ಪರೀಕ್ಷೆ. ಉಬ್ಬಸಕ್ಕೋ ಸಂಧಿವಾತಕ್ಕೋ ಪ್ರೆಡ್ನಿಸೊಲೋನ್ ದಿನಕ್ಕೆ 5 ಮಿಲಿಗ್ರಾಂ ಅಥವಾ ಹೆಚ್ಚು, ಮೂರು ತಿಂಗಳು ಮೀರಿ ನುಂಗಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಿ. ಗಂಡಸರಿಗೆ ಈ ಕಾಯಿಲೆ ಬರುವುದಿಲ್ಲ ಎಂಬುದು ಸುಳ್ಳು. ಅವರಲ್ಲಿ ಸ್ಟೆರಾಯ್ಡ್, ಕುಡಿತ, ಹಾರ್ಮೋನಿನ ಕೊರತೆಗಳನ್ನು ಹೆಚ್ಚು ಜಾಗ್ರತೆಯಿಂದ ಹುಡುಕಬೇಕು.

ಕೊನೆಗೆ ಎಲ್ಲರೂ ಕೇಳುವುದು: ಕೂಡಿದ ಮೇಲೆ ಪ್ಲೇಟು ತೆಗೆಸಬೇಕೇ? ವಯಸ್ಸಾದವರಲ್ಲಿ ಸಾಮಾನ್ಯವಾಗಿ ಬೇಡ. ತೆಗೆದಾಗ ಉಳಿಯುವ ಸ್ಕ್ರೂ ತೂತುಗಳು ತುಂಬಿಕೊಳ್ಳಲು ತಿಂಗಳುಗಳು ಬೇಕು, ಅಷ್ಟರಲ್ಲಿ ಬಿದ್ದರೆ ಮೂಳೆ ಆ ತೂತಿನಲ್ಲೇ ಮುರಿಯುತ್ತದೆ. ಹೆಬ್ಬೆರಳು ಮಡಚುವಾಗ ಮಣಿಕಟ್ಟಿನಲ್ಲಿ ಕಿರಕಿರ ಎನ್ನಿಸಿದರೆ, ಅಥವಾ ಸ್ಕ್ರೂ ಕೀಲಿನೊಳಗೆ ಬಂದಿದ್ದರೆ ಮಾತ್ರ ತಡಮಾಡದೆ ತೆಗೆಸಿ. ನರಗಟ್ಟು ಹರಿಯುವ ಮೊದಲು.